ದಾಟಿದವಷ್ಟೇ ಲೆಕ್ಕ

ಒಂದಾನೊಂದು ಗುಡ್ಡವಿತ್ತಂತೆ. ಅದರ ನೆತ್ತಿಯ ಮೇಲೆ ಒಬ್ಬಳು ಹೆಂಗಸು. ಅವಳ ಕಣ್ಣು ತಪ್ಪಿಸಿ ಒಂದು ರೆಕ್ಕೆಯೂ ದಕ್ಷಿಣಕ್ಕೆ ಹೋಗುವಂತಿರಲಿಲ್ಲವಂತೆ. ಈ ಕಥೆಯನ್ನು ಅಜ್ಜಿಯರು ಹೇಳಿದ್ದರೆ ಆ ಹೆಂಗಸು ರಾಣಿಯಾಗಿರುತ್ತಿದ್ದಳು, ಕೊರಳಲ್ಲಿ ಮುತ್ತಿನ ಸರ ಇರುತ್ತಿತ್ತು. ನಮ್ಮ ಕಂಡಕ್ಟರಮ್ಮನ ಕೊರಳಲ್ಲಿ ಇರುವುದು ಕತ್ತುನೋವಿನ ಪಟ್ಟಿ.

ಇನ್ನೂ ಬೆಳಕು ಹರಿಯುತ್ತಿದೆ. ಮುರಿದ ಕಾಲಿಗೆ ತಂತಿ ಬಿಗಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರು ದುರ್ಬೀನಿನ ಮಂಜು ಒರೆಸುತ್ತಿದ್ದಾರೆ. ಬಸ್ಸಿನ ಕೆಲಸ ಬಿಟ್ಟು ವರ್ಷಗಳೇ ಕಳೆದರೂ ಎಲ್ಲರ ಬಾಯಲ್ಲೂ ಕಂಡಕ್ಟರಮ್ಮನೇ. ಒತ್ತಿದರೆ ಒಂದಂಕಿ ಏರುವ ಪುಟ್ಟ ಕೌಂಟರ್ ಎರಡೂ ಕೈಯಲ್ಲಿ ಒಂದೊಂದಿದೆ. ಬಲಗೈಯದು ದಕ್ಷಿಣಕ್ಕೆ ವಲಸೆ ಹೋಗುವ ಗಿಡುಗಗಳಿಗೆ. ಎಡಗೈಯದು ಕವಲುತೋಕೆ, ಜೇನುಹಿಡುಕಗಳಂಥ ಸಣ್ಣ ಹಕ್ಕಿಗಳಿಗೆ, ಅವರ ಮಾತಲ್ಲಿ "ಚಿಲ್ಲರೆ ಮಂದಿ"ಗೆ.

ಬಿಸಿಲೇರಿದಂತೆ ಗಿಡುಗಗಳು ಬಿಸಿಗಾಳಿ ಹಿಡಿದು, ಗುಂಪುಗಟ್ಟಿ ಗಿರಗಿರನೆ ಸುತ್ತುತ್ತ ಮೇಲೇರುತ್ತವೆ. ತುದಿ ಮುಟ್ಟಿದ ಮೇಲೆ ಒಂದೊಂದಾಗಿ ಜಾರಿ ನೆಟ್ಟಗೆ ಗುಡ್ಡ ದಾಟುತ್ತವೆ. ಎಣಿಸಬೇಕಾದ್ದು ಆಗ ಮಾತ್ರ. "ಬಸ್ಸಿನೊಳಗೆ ನೂಕಾಡೋರನ್ನ ಎಣಿಸಬಾರದು. ಒಬ್ಬನೇ ಮೂರು ಸಲ ಸಿಕ್ತಾನೆ. ಬಾಗಿಲಲ್ಲಿ ಇಳಿಯುವಾಗ ಹಿಡೀಬೇಕು," ಎನ್ನುತ್ತಾರೆ ಕಂಡಕ್ಟರಮ್ಮ.

ಈ ಶರತ್ಕಾಲದ ಎಣಿಕೆಗೆ ಗುಡ್ಡದ ಹಣೆಬರಹವೇ ಅಂಟಿಕೊಂಡಿದೆ. ಹತ್ತು ಸಾವಿರ ಗಿಡುಗ ದಾಟಿದರೆ ಕಂಪನಿಯವರು ಇಲ್ಲಿ ಕರೆಂಟಿನ ಗಾಳಿಯಂತ್ರ ನೆಡುವಂತಿಲ್ಲ. ದಾಟದಿದ್ದರೆ ಸಾಲಾಗಿ ನೆಡಬಹುದು. ಒಂದು ದಿನವೂ ತಪ್ಪಿಸುವುದಿಲ್ಲ, ಕಂಡದ್ದಕ್ಕಿಂತ ಹೆಚ್ಚು ಕಡಿಮೆ ಬರೆಯುವುದಿಲ್ಲ ಎಂದು ಅರಣ್ಯ ಕಚೇರಿಗೆ ಅವರು ಮಾತು ಕೊಟ್ಟಿದ್ದಾರೆ. ಜ್ವರದಲ್ಲೂ ಕಂಬಳಿ ಹೊದ್ದು ಬಂದು ಕೂತಿದ್ದಾರೆ. ಇಂದು ಕೊನೆಯ ದಿನ. ಇನ್ನೂ ನಾನೂರು ಬೇಕು.

ಮಧ್ಯಾಹ್ನದ ಬುತ್ತಿ ತರುವ ತಂಗಿ ದರ್ಜಿ. ಕೈಯಷ್ಟೇ ಚುರುಕು ನಾಲಗೆಯೂ. "ಅಕ್ಕ, ಇನ್ನೊಂದಿಷ್ಟು ಸಲ ಒತ್ತಿದ್ರೆ ನಿನ್ನ ಹೆಬ್ಬೆರಳೇನು ಸವೆದು ಹೋಗುತ್ತಾ? ಗಿಡುಗ ಬಂದು ಸಾಕ್ಷಿ ಹೇಳಲ್ಲ."

"ಹತ್ತದ ಪ್ಯಾಸೆಂಜರ್‌ಗೆ ಟಿಕೆಟ್ ಹರಿಯೋಕಾಗುತ್ತೇನೇ?"

"ಸುಳ್ಳು ಲೆಕ್ಕ ಬರೆದವರೆಲ್ಲ ಮಹಡಿ ಮನೆ ಕಟ್ಟಿಸಿದ್ರು. ನೀನು ಈ ಕುರ್ಚಿಗೆ ತಂತಿ ಕಟ್ಕೊಂಡು ಕೂತಿದೀಯ."

ಕಂಡಕ್ಟರಮ್ಮ ದುರ್ಬೀನು ಎತ್ತುತ್ತಾರೆ. ಉತ್ತರ ದಿಕ್ಕಿನಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು ಎದ್ದಿವೆ. ನೋಡನೋಡುತ್ತ ಚುಕ್ಕಿಗಳಿಗೆ ರೆಕ್ಕೆ ಮೂಡುತ್ತದೆ. ಐನೂರಕ್ಕೆ ಕಡಿಮೆಯಿಲ್ಲದ ಹಿಂಡು ಗುಡ್ಡದ ಮಗ್ಗುಲಲ್ಲೇ ಸುತ್ತತೊಡಗುತ್ತದೆ. ತಂಗಿಯೂ ಬುತ್ತಿ ಕೆಳಗಿಟ್ಟು ಕತ್ತೆತ್ತುತ್ತಾಳೆ. ಮೇಲಿನವು ಜಾರತೊಡಗುತ್ತವೆ. ಬಲಗೈಯ ಕೌಂಟರ್ ಟಿಕ್‌ಟಿಕ್ ಎನ್ನುತ್ತದೆ. ನೂರು. ನೂರೈವತ್ತು.

ಆಗ ಗುಡ್ಡದ ಕೆಳಗೆ ಬಂಡೆ ಸಿಡಿಯುತ್ತದೆ. ಗಾಳಿಯಂತ್ರದ ರೆಕ್ಕೆಗಳನ್ನು ಮೇಲೆ ಸಾಗಿಸಲು ಕಂಪನಿ ಅನುಮತಿಗೆ ಮೊದಲೇ ರಸ್ತೆ ಕಡಿಯುತ್ತಿದೆ. ನೆಲ ನಡುಗುತ್ತದೆ, ಧೂಳು ಏಳುತ್ತದೆ. ಹಿಂಡು ಒಮ್ಮೆಗೇ ಚೆದುರಿ, ಬಂದ ದಾರಿಗೇ ತಿರುಗಿ, ಆಚೆ ಕಣಿವೆಯಲ್ಲಿ ಕರಗಿ ಹೋಗುತ್ತದೆ.

ಲೆಕ್ಕವನ್ನು ಅರಣ್ಯ ಕಚೇರಿಗೆ ಒಯ್ಯಲು ಬಂದಿದ್ದ ಕಂಪನಿಯ ಮೇಲ್ವಿಚಾರಕ ಬಂಡೆಯ ನೆರಳಲ್ಲಿ ಮೊಬೈಲು ತೀಡುತ್ತಿದ್ದಾನೆ. ತಂಗಿ ಅವನ ಮೇಲೆ ಹರಿಹಾಯುತ್ತಾಳೆ: "ಓಡಿಸಿದೋರು ನೀವೇ. ವಾಪಸ್ ಹೋದವನ್ನೂ ಸೇರಿಸಿ."

"ದಾಟಿದ್ದಷ್ಟೇ ಲೆಕ್ಕ ಅಂತ ಅಮ್ಮನೇ ಹೇಳ್ತಿರ್ತಾರಲ್ಲ," ಎನ್ನುತ್ತಾನೆ ಅವನು, ತುಂಬ ಮರ್ಯಾದೆಯಿಂದ. "ವಾಪಸ್ ಹೋದವಕ್ಕೆ ಫಾರಂನಲ್ಲಿ ಕಾಲಂ ಇಲ್ಲ."

ಕಂಡಕ್ಟರಮ್ಮನ ಹೆಬ್ಬೆರಳು ಕೌಂಟರ್ ಮೇಲೇ ಇದೆ. ಒತ್ತುವುದಿಲ್ಲ. ಸಂಜೆಯ ತನಕ ಬಿಡಿ ಬಿಡಿಯಾಗಿ ಬಂದವನ್ನು ಬಿಡಿ ಬಿಡಿಯಾಗಿಯೇ ಎಣಿಸುತ್ತಾರೆ. ಸೂರ್ಯ ಅರ್ಧ ಇಳಿದಾಗ ಒಂದೇ ಒಂದು ಗಿಡುಗ, ತೀರ ತಗ್ಗಿನಲ್ಲಿ, ದಣಿದ ರೆಕ್ಕೆ ಬಡಿಯುತ್ತ ದಾಟುತ್ತದೆ. ಟಿಕ್. ನೂರಕ್ಕೂ ಮಿಕ್ಕಿ ಕೊರತೆ.

ಅವರು ಒಟ್ಟು ಮೊತ್ತ ಬರೆಯುತ್ತಾರೆ. ಅಂಚಿನಲ್ಲಿ, ಯಾರೂ ಕೇಳದ ಜಾಗದಲ್ಲಿ, ಬಂಡೆ ಸಿಡಿದದ್ದನ್ನೂ ಹಿಂಡು ಹಿಂದಿರುಗಿದ್ದನ್ನೂ ಬರೆದು ಸಹಿ ಹಾಕುತ್ತಾರೆ. ಮೇಲ್ವಿಚಾರಕ ಓದದೆ ಮಡಚಿ ಜೇಬಿಗಿಳಿಸುತ್ತಾನೆ.

"ಮುಗೀತಲ್ಲ ನಿನ್ನ ಸತ್ಯವಂತಿಕೆ," ತಂಗಿ ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಾಳೆ. "ಮುಂದಿನ ವರ್ಷ ಯಾವ ಪುರುಷಾರ್ಥಕ್ಕೆ ಇಲ್ಲಿಗೆ ಬರ್ತೀಯ ಅಕ್ಕ?"

"ಬರ್ತೀನಿ. ಯಂತ್ರಕ್ಕೆ ಸಿಕ್ಕಿ ಸತ್ತು ಬಿದ್ದಿರ್ತಾವಲ್ಲ, ಅವನ್ನ ಎಣಿಸೋಕೂ ಒಬ್ರು ಬೇಕು."