ರಂಗೂನಿನಿಂದ ನಡೆದು ಬಂದ ತಂಗಿ

ಯುದ್ಧದ ಆ ವರ್ಷಗಳಲ್ಲಿ ಹುಕ್ಕೇರಿಯ ಹುಡುಗಿಯರಾದ ನಮಗೆ ಯುದ್ಧವೆಂದರೆ ಸೀಮೆಎಣ್ಣೆಗೆ ಬಂದ ಬರ, ಅಷ್ಟೇ. ದೀಪ ಬೇಗ ಆರಿಸುತ್ತಿದ್ದರು. ನಾವು ಕಟ್ಟೆಯ ಮೇಲೆ ಬೆಳಕಿರುವ ತನಕ ಆಣೆಕಲ್ಲು ಆಡಿ, ಒಳಗಿಂದ ರೊಟ್ಟಿ ಸುಡುವ ವಾಸನೆ ಬಂದೊಡನೆ ಎದ್ದು ಓಡುತ್ತಿದ್ದೆವು. ಬ್ರಹ್ಮದೇಶ ಎಲ್ಲಿದೆಯೋ ನನಗೆ ತಿಳಿದಿರಲಿಲ್ಲ. ಅಪ್ಪನ ತಮ್ಮ ಶಿವಪ್ಪ ಕಾಕಾ ನಾನು ಹುಟ್ಟುವ ಮೊದಲೇ ಅಲ್ಲಿಗೆ ಹೋಗಿ, ರಂಗೂನಿನ ಕಟ್ಟಿಗೆ ಕೊಯ್ಯುವ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ ಎಂಬುದಷ್ಟೇ ಗೊತ್ತಿತ್ತು. ವೈರಿಗಳು ರಂಗೂನಿನ ಮೇಲೆ ಬಾಂಬು ಹಾಕಿದರೆಂದೂ, ಅಲ್ಲಿದ್ದ ನಮ್ಮ ಜನ ಗುಡ್ಡ ಕಾಡು ದಾಟಿ ನಡೆದೇ ಬರುತ್ತಿದ್ದರೆಂದೂ ಆಮೇಲೆ ತಿಳಿಯಿತು.

ಮಳೆಗಾಲ ಶುರುವಾದ ಹೊಸತರಲ್ಲಿ ಘಟಪ್ರಭಾ ಸ್ಟೇಶನ್ನಿನಿಂದ ಬಂದ ಒಂದು ಎತ್ತಿನ ಗಾಡಿ ನಮ್ಮ ಮನೆ ಮುಂದೆ ನಿಂತಿತು. ಎಲುಬು ಚರ್ಮ ಒಂದಾದ, ಗಡ್ಡ ಬೆಳೆದ ಮನುಷ್ಯನೊಬ್ಬ ಇಳಿದ. ಅವನ ಹೆಗಲ ಮೇಲೆ ಆರೇಳು ವರ್ಷದ ಒಂದು ಹುಡುಗಿ. ನಾವೆಲ್ಲ 'ಅಮ್ಮ' ಎಂದು ಕರೆಯುತ್ತಿದ್ದ ನಮ್ಮಜ್ಜಿ, ತನ್ನ ಮಗನನ್ನೇ ಗುರುತಿಸದೆ "ಯಾರ್‍ರಿ ನೀವು?" ಎಂದು ಕೇಳಿದಳು.

"ಅಮ್ಮಾ, ನಾ ಶಿವಪ್ಪ."

ಅಮ್ಮ ಅವನ ಮುಖ ಸವರಿ ಸವರಿ ಅಳತೊಡಗಿದಳು. ಓಣಿಯ ಜನ ಕೂಡಿತು. ಅದನ್ನು ಕಂಡು ಹೆದರಿದ ಹುಡುಗಿ "ಅಮೇ! ಅಮೇ!" ಎಂದು ಕಿರುಚಿತು. ಕೂಸು ತನ್ನನ್ನೇ ಕರೆಯಿತೆಂದು ತಿಳಿದು ಅಮ್ಮ ಎರಡೂ ಕೈ ಚಾಚಿದಳು. "ಬಾ ನನ ಕೂಸ, ಇಲ್ಲೇ ಅದೀನಿ ಬಾ."

"ನಿನ್ನ ಕರ್‍ಯಾಕತ್ತಿಲ್ಲಮ್ಮಾ," ಎಂದ ಕಾಕಾ. "ಅವರ ಮಾತಿನ್ಯಾಗ ಅಮೇ ಅಂದ್ರ ಅವ್ವ."

"ಅವ್ವ ಎಲ್ಲಿ ಹಂಗಾರ?"

ಕಾಕಾ ಮಗಳನ್ನು ಅಮ್ಮನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕುಸಿದು ಕುಳಿತ.

ಅವಳ ಹೆಸರು ಮ್ಯಾ ಎಂದಿತ್ತು. ಅದು ಅಮ್ಮನ ನಾಲಿಗೆಗೆ ಹೊರಳದೆ ಮಲ್ಲವ್ವ ಆಯಿತು. ಜೋಳದ ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟುಕೊಂಡು ನುಂಗಲಾರದೆ "ಥಮಿನ್" ಎನ್ನುತ್ತಿದ್ದಳು. ಅನ್ನ ಎಂದರ್ಥ. ನಮ್ಮ ಮನೆಯಲ್ಲಿ ಅನ್ನ ಹಬ್ಬಕ್ಕೆ ಮಾತ್ರ. ಆದರೂ ಅವಳಿಗಾಗಿ ಅಮ್ಮ ದಿನವೂ ಒಂದು ಸಣ್ಣ ಗಡಿಗೆಯಲ್ಲಿ ಅನ್ನ ಮಾಡುತ್ತಿದ್ದಳು. ಒಮ್ಮೆ ಮಲ್ಲವ್ವ ಆ ಅನ್ನದ ಮುಂದೆ ಕುಳಿತು, ಅಂಗೈಯನ್ನು ಮೀನಿನಂತೆ ಬಳುಕಿಸಿ ತೋರಿಸಿದಳು. "ಶಿವ ಶಿವಾ!" ಎಂದು ಅಮ್ಮ ಕಣ್ಣು ಮುಚ್ಚಿಕೊಂಡಳು. ಮರುಗಳಿಗೆಯೇ ಅವಳ ಮುಖ ನೋಡಲಾರದೆ, ಅನ್ನದ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಸುರಿದಳು.

ಮಲ್ಲವ್ವ ಹೊತ್ತು ಮುಳುಗುವವರೆಗೂ ಕಟ್ಟೆಯ ಮೇಲೆ ಕುಳಿತು ದಾರಿ ನೋಡುತ್ತಿದ್ದಳು. ಗಾಡಿಯ ಸದ್ದಾದರೆ ಎದ್ದು ನಿಲ್ಲುತ್ತಿದ್ದಳು. ಅವಳ ಅವ್ವ ಹಿಂದೆ ಸಾವಕಾಶವಾಗಿ ನಡೆದು ಬರುತ್ತಿದ್ದಾಳೆ ಎಂದು ಕಾಕಾ ಅವಳಿಗೆ ಹೇಳಿದ್ದ.

ಸಾಲೆಗೆ ಹೋಗುವ ಹುಡುಗಿಯರು ಅವಳನ್ನು ಕಂಡರೆ ಕಣ್ಣಿನ ತುದಿ ಎಳೆದು ಅಣಕಿಸುತ್ತಿದ್ದರು. ನಮಗೆ ಪಾಠ ಹೇಳುವ ಅಕ್ಕೋರು ಅದನ್ನು ತಿಳಿದೂ ಯಾರನ್ನೂ ಬಯ್ಯಲಿಲ್ಲ. ಒಂದು ದಿನ ತಮ್ಮ ಮನೆಯಿಂದ ರಟ್ಟು ಹರಿದ ಒಂದು ಮಕ್ಕಳ ಪುಸ್ತಕ ತಂದು ನಮಗೆಲ್ಲ ಓದಿ ಹೇಳಿದರು. ಯಾವುದೋ ದೇಶದಲ್ಲಿ ಗಲಾಟೆಯೆದ್ದು ಒಬ್ಬ ಹುಡುಗ ತಾಯಿಯಿಂದ ಅಗಲಿ, ಪರದೇಶದ ಊರು ಸೇರುತ್ತಾನೆ. ಅವನ ಮಾತು ಯಾರಿಗೂ ತಿಳಿಯುವುದಿಲ್ಲ. ಮಕ್ಕಳು ನಗುತ್ತಾರೆ. ಅವನು ಗಾಳಿಪಟ ಮಾಡಿ ಹಾರಿಸಿದಾಗ ಎಲ್ಲರೂ ಗೆಳೆಯರಾಗುತ್ತಾರೆ. ಕೊನೆಯ ಪುಟದಲ್ಲಿ ಹಡಗಿನಿಂದ ತಾಯಿ ಇಳಿಯುತ್ತಾಳೆ. ಓದಿ ಮುಗಿಸಿ ಅಕ್ಕೋರು ನನ್ನನ್ನು ಕರೆದರು. "ಗಂಗೂ, ಇದನ್ನ ಮನಿಗೆ ಒಯ್ದು ನಿನ ತಂಗಿಗೆ ಓದಾಕ ಕಲಸು."

ಆ ಮಳೆಗಾಲವೆಲ್ಲ ನಾವಿಬ್ಬರೂ ಪಡಸಾಲೆಯಲ್ಲಿ ಹುರಿದ ಶೇಂಗಾ ತಿನ್ನುತ್ತ ಅದನ್ನೇ ಓದಿದೆವು. ನಾನು ಚಿತ್ರದ ಮೇಲೆ ಬೆರಳಿಟ್ಟು "ದೋಣಿ" ಎಂದರೆ ಅವಳು "ಹ್ಲೇ" ಎನ್ನುವಳು. ನೀರಿಗೆ "ಯೇ". ಚಂದ್ರನಿಗೆ "ಲಾ". ಅವಳು ಬಲು ಚುರುಕು. ದಸರೆಯ ಹೊತ್ತಿಗೆ ಪುಸ್ತಕ ತಾನೇ ಓದತೊಡಗಿದಳು. ಕೊನೆಯ ಪುಟಕ್ಕೆ ಬಂದಾಗಲೆಲ್ಲ ನನ್ನ ಕಡೆ ತಿರುಗಿ, "ನಮ್ಮವ್ವ ಹಡಗದಾಗ ಬರಂಗಿಲ್ಲ ಅಕ್ಕಾ. ನಡಕೋತ ಬರ್ತಾಳ. ಅದಕ ತಡ ಆಗೈತಿ," ಎನ್ನುತ್ತಿದ್ದಳು.

ಒಂದು ಸಂಜೆ ಅವಳು ಅದನ್ನೇ ಹೇಳುವಾಗ ಒಳಕೋಣೆಯಲ್ಲಿ ಜ್ವರದಿಂದ ಮಲಗಿದ್ದ ಕಾಕಾ ಕೇಳಿಸಿಕೊಂಡ. ಅವನಿಗೆ ಗಂಜಿ ಕುಡಿಸುತ್ತಿದ್ದ ಅಮ್ಮ ಹೇಳಿದ್ದು ನನಗೂ ಕೇಳಿಸಿತು.

"ಇನ್ನ ಎಷ್ಟ ದಿನಾ ಮುಚ್ಚಿಡತಿ ಶಿವಪ್ಪಾ? ಕೂಸು ದಾರಿ ಕಾಯಾಕತ್ತೈತಿ."

"ಹೆಂಗ ಹೇಳ್ಲೆಮ್ಮಾ? ಗುಡ್ಡದ ಹಾದ್ಯಾಗ ವಾಂತಿಭೇದಿ ಆಗಿ ಹ್ವಾದ್ಲು. ಹೊತಗೊಂಡು ಬರಾಕೂ ಆಗಲಿಲ್ಲ, ಮಣ್ಣು ಕೊಡಾಕೂ ಆಗಲಿಲ್ಲ. ನಾ ಅಲ್ಲೇ ಕುಂತಿದ್ರ ಇದೂ ಉಳೀತಿರಲಿಲ್ಲ. ಗಿಡದ ಬುಡಕ ಮಲಗಿಸಿ, ಅಕಿ ಲುಂಗಿನ ಅಕಿ ಮ್ಯಾಗ ಹೊಚ್ಚಿ ಬಂದೇನಿ."

ಮರುದಿನ ಮುಂಜಾನೆ ಅವನು ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡ. ಅವರ ಮಾತಿನಲ್ಲಿಯೇ ಹೇಳಿದ. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಒಂದು ಮಾತೂ ತಿಳಿಯುವಂತಿರಲಿಲ್ಲ, ಆದರೆ ಎಲ್ಲವೂ ತಿಳಿಯಿತು. ಅವಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಳು. ಅವನು ಪ್ರತಿ ಸಲವೂ ತಲೆಯಾಡಿಸಿ ಇಲ್ಲವೆಂದ.

ಮಲ್ಲವ್ವ ಅಳಲಿಲ್ಲ. ಎದ್ದು ಬಂದು ಪುಸ್ತಕವನ್ನು ನನ್ನ ಕೈಯಲ್ಲಿಟ್ಟಳು.

"ಇದು ಸುಳ್ಳ ಐತಿ ಅಕ್ಕಾ."

"ಕಥಿ ಅಲ್ಲೇನ ಅದು?" ಎಂದೆ.

"ಕಥಿ ಬರದವರಿಗೆ ಗೊತ್ತಿಲ್ಲೇನು, ಅವ್ವ ಸತ್ತಾಳಂತ?"

ನಾನು ಅವಳ ಪಕ್ಕ ಕುಳಿತೆ. ಅಂದಿನಿಂದ ಅವಳು ಕಟ್ಟೆಗೆ ಹೋಗಿ ದಾರಿ ನೋಡುವುದನ್ನು ಬಿಟ್ಟಳು.

ಗುಡ್ಡದ ಕಾಡಿನಿಂದ ಬಂದ ಆ ಜ್ವರ ಕಾಕಾನನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಅವನೂ ತೀರಿಕೊಂಡ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿದ್ದರು. ಮಲ್ಲವ್ವ ಹೋಗಿ ಅವನ ಎದುರು ಕುಳಿತು ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಇಡೀ ಊರಿನಲ್ಲಿ ಆ ಮಾತು ತಿಳಿಯುತ್ತಿದ್ದವನು ಅವನೊಬ್ಬನೇ.

ಆಮೇಲೆ ಅವಳು ನಮ್ಮವಳೇ ಆದಳು. ಅಮ್ಮ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಮಲ್ಲವ್ವ ರೊಟ್ಟಿ ಬಡಿಯಲು ಕಲಿತಳು, ಪುಂಡಿಪಲ್ಯ ಬೇಡಿ ತಿಂದಳು, ಓಣಿಯವರೊಡನೆ ಜಗಳವಾಡುವಷ್ಟು ಕನ್ನಡ ಕಲಿತಳು. ನಾವೆಲ್ಲ ಹಿಗ್ಗಿದೆವು.

ಕೆಲವು ವರ್ಷ ಕಳೆದು ನನ್ನ ತಮ್ಮ ಹುಟ್ಟಿದ. ಒಂದು ಮಧ್ಯಾಹ್ನ ಅವನ ತೊಟ್ಟಿಲು ತೂಗುತ್ತ ಮಲ್ಲವ್ವ ತನ್ನವ್ವನ ಜೋಗುಳ ಹಾಡಹತ್ತಿದಳು. ಬಂದ ಹೊಸತರಲ್ಲಿ ನಿದ್ದೆ ಬಾರದಿದ್ದರೆ ಅದನ್ನು ಗುನುಗುತ್ತಿದ್ದಳು. ಒಂದು ಸಾಲು ಹಾಡಿ ನಿಂತಳು. ಮತ್ತೆ ಮೊದಲಿನಿಂದ ಹಿಡಿದಳು. ಅಲ್ಲಿಯೇ ನಿಂತಳು. ತೊಟ್ಟಿಲ ಹಗ್ಗ ಅವಳ ಕೈಯಿಂದ ಜಾರಿತು.

"ಅಕ್ಕಾ, ಮುಂದಿಂದು ನಿನಗ ನೆನಪ ಐತೇನು?"

ಅವಳು ನನ್ನನ್ನು ಕೇಳುತ್ತಿದ್ದಳು! ಹಾಸಿಗೆಯಲ್ಲಿ ಪಕ್ಕದಲ್ಲಿ ಮಲಗಿ ಕೇಳಿದವಳು ನಾನೊಬ್ಬಳೇ ಅಲ್ಲವೇ. ಇಬ್ಬರೂ ಕೂಡಿ ಏನೇನೋ ಅಂದು ನೋಡಿದೆವು. ಬರಲಿಲ್ಲ. ಅವ್ವ ಸತ್ತ ಸುದ್ದಿಗೆ ಅಳದಿದ್ದ ಮಲ್ಲವ್ವ ಅಂದು ನೆಲದ ಮೇಲೆ ಬಿದ್ದು ಹೊರಳಿ ಅತ್ತಳು. ಅಮ್ಮ ಬಂದು "ಏನಾತ? ಯಾರ ಏನಂದ್ರ?" ಎಂದು ಕೇಳಿದರೆ, ನಾವು ಏನೆಂದು ಹೇಳುವುದು?

ಅವಳನ್ನು ಹತ್ತರಗಿಗೆ ಕೊಟ್ಟರು. ಮಕ್ಕಳು ಮರಿಗಳೊಡನೆ ಬಾಳಿ ಅಲ್ಲಿಯೇ ಮಣ್ಣಾದಳು. ದೂರ ದೇಶದಿಂದ ಬಂದ ಮಕ್ಕಳ ಕಥೆಗಳನ್ನು ಈಗ ಬಣ್ಣದ ಚಿತ್ರ ಹಾಕಿ ಬರೆಯುತ್ತಾರೆ, ನನ್ನ ಮೊಮ್ಮಗಳು ನನಗೆ ಓದಿ ತೋರಿಸುತ್ತಾಳೆ. ಬಂದವರು ಹೊಸ ಮಾತು ಕಲಿತು ಎಲ್ಲರೊಡನೆ ಆಡುವಲ್ಲಿಗೆ ಕಥೆ ಮುಗಿಯುತ್ತದೆ. ನಾನು "ಚಲೋ ಐತವ್ವಾ" ಎನ್ನುತ್ತೇನೆ.

ಆ ಜೋಗುಳದ ಮೊದಲ ಸಾಲು ಬಹಳ ವರ್ಷ ನನ್ನ ನೆನಪಿನಲ್ಲಿತ್ತು. ಈಗ ಅದರ ಮಾತುಗಳೂ ಹೋಗಿವೆ, ರಾಗವಷ್ಟೇ ಇದೆ. ಅದಾದರೂ ಅವಳ ಅವ್ವನ ರಾಗವೋ, ನಾನೇ ತಪ್ಪಾಗಿ ಹಿಡಿದುಕೊಂಡದ್ದೋ, ಕೇಳೋಣವೆಂದರೆ ಯಾರೂ ಉಳಿದಿಲ್ಲ.