ಗಲ್ಲಿಗೇರಿದವನ ಕೊನೆಯ ಮಾತು ಮತ್ತು ಮೇಲಿನ ಮನೆಯ ಉಮ್ಮ

ಸೌದಿಯ ದಮ್ಮಾಮಿನ ಆ ಮನೆಯಲ್ಲಿ ವಾರವಿಡೀ ನಾನೊಬ್ಬಳೇ. ಗಂಡನಿಗೆ ಅಲ್ ಖಫ್ಜಿಯ ತೈಲಬಾವಿಗಳ ಕಡೆ ಕೆಲಸ. ಭಾನುವಾರ ಊರಿನವರ ಕಾರಿನಲ್ಲಿ ಹೋದರೆ ಬರುವುದು ಗುರುವಾರ ಸಂಜೆ. ಹೊತ್ತು ಹೋಗಲಿ ಅಂತ ನಾನೊಂದು ಕೆಲಸ ಹಿಡಿದಿದ್ದೆ. ದೂರ ದೇಶದ ಒಂದು ಗ್ರಂಥಾಲಯದವರು ಹಳೆಯ ಇಂಗ್ಲಿಷ್ ಪುಸ್ತಕಗಳ ಫೋಟೋ ತೆಗೆದು ಕಳಿಸುತ್ತಿದ್ದರು. ಆ ಕಾಲದ ಅಚ್ಚನ್ನು ಕಂಪ್ಯೂಟರು ತಪ್ಪುತಪ್ಪಾಗಿ ಓದುತ್ತದೆ. ಅದನ್ನು ತಿದ್ದುವುದು ನನ್ನ ಕೆಲಸ.

ನನ್ನ ಪಾಲಿಗೆ ಬಂದವು ಗಲ್ಲಿನ ಪುಸ್ತಕಗಳು. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲದವು. ಆಗ ಮನೆಗೆ ಕನ್ನ ಹಾಕಿದವನಿಗೂ ಗಲ್ಲು ಆಗುತ್ತಿತ್ತು. ನೇಣಿಗೆ ಹಾಕುವ ಮೊದಲು ಅವನನ್ನು ಸಂಕೋಲೆ ಸಮೇತ ಚರ್ಚಿಗೆ ತಂದು ಊರವರ ಎದುರು ಕೂರಿಸಿ ಪಾದ್ರಿ ಪ್ರವಚನ ಮಾಡುತ್ತಿದ್ದರು. ‘ಎಲೈ ಬಡಪಾಯಿಯೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನೀನು ದೇವರ ಮುಂದೆ ನಿಲ್ಲುತ್ತೀ’ ಎಂದು ನೇರ ಅವನಿಗೇ ಹೇಳುವ ಪುಟಗಳಿರುತ್ತಿದ್ದವು. ಕೊನೆಯಲ್ಲಿ, ನೇಣುಗಂಬದ ಏಣಿಯ ಬುಡದಲ್ಲಿ ನಿಂತು ಅವನು ಆಡಿದನೆನ್ನುವ ಮಾತು. ಹುಟ್ಟಿದ ಊರು, ಒಳ್ಳೆಯ ತಂದೆತಾಯಿ, ಕೆಟ್ಟ ಸಹವಾಸ, ಕುಡಿತ, ಸಣ್ಣ ಕಳ್ಳತನ, ದೊಡ್ಡ ಕಳ್ಳತನ, ನನ್ನನ್ನು ನೋಡಿ ಕಲಿಯಿರಿ. ಜನ ಇದನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರಂತೆ.

ಬೆಳಿಗ್ಗೆ ಮೇಲಿನ ಮನೆಯ ಉಮ್ಮ ಇಳಿದು ಬರುತ್ತಿದ್ದರು. ಉಡುಪಿ ಕಡೆಯ ಬ್ಯಾರಿ ಕುಟುಂಬ. ಉಮ್ಮ ಅಂದರೆ ಅವರಲ್ಲಿ ಅಮ್ಮ. ಅವರ ಮಗ, ಸೊಸೆ, ಮೊಮ್ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರಿಂದ ನನಗೂ ಅವರು ಉಮ್ಮನೇ ಆದರು. ವಿಸಿಟ್ ವೀಸಾದಲ್ಲಿ ದೊಡ್ಡ ಮಗನ ಮನೆಗೆ ಬಂದಿದ್ದರು. ಮಗ ಆಫೀಸಿಗೆ, ಸೊಸೆ ಮತ್ತು ಮಕ್ಕಳು ಶಾಲೆಗೆ ಹೋದ ಮೇಲೆ ಆ ಮನೆಯೂ ನನ್ನ ಮನೆಯ ಹಾಗೆಯೇ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಅಮ್ಮ ಹೋದ ಮೇಲೆ ಅಷ್ಟು ನಿಧಾನವಾದ, ನಡುವೆ ನಿಂತು ಉಸಿರು ತೆಗೆದುಕೊಳ್ಳುವ ತುಳುವನ್ನು ನಾನು ಕೇಳಿರಲಿಲ್ಲ. ಅವರು ಬೆಂಡೆಕಾಯಿ ಹೆಚ್ಚುತ್ತಾ ಏನಾದರೂ ಹೇಳುತ್ತಿದ್ದರೆ ಸಾಕು, ನನಗೆ ಕೆಲಸ ಓಡುತ್ತಿತ್ತು.

“ಎಂತ ಓದ್ತಿ ಇಷ್ಟು ಹೊತ್ತು?” ಎಂದು ಒಂದು ದಿನ ಕೇಳಿದರು. ಹೇಳಿದೆ.

“ಸಾಯ್ಲಿಕ್ಕೆ ಹೋಗುವವನನ್ನು ಎದುರು ಕೂರಿಸಿಕೊಂಡು ಪ್ರವಚನವಾ?”

“ಹೌದು ಉಮ್ಮ.”

“ಓದು ನೋಡುವ.”

ಆ ದಿನ ನನ್ನ ಮುಂದಿದ್ದದ್ದು ಒಬ್ಬ ಹುಡುಗ ಅನ್ನಬಹುದಾದ ವಯಸ್ಸಿನ ಕಳ್ಳನ ಪುಸ್ತಕ. ವ್ಯಾಪಾರಿಯೊಬ್ಬನ ಮನೆಗೆ ನುಗ್ಗಿ ಬೆಳ್ಳಿ ಚಮಚ, ಒಂದಿಷ್ಟು ಬಟ್ಟೆ ಕದ್ದಿದ್ದ. ಪಾದ್ರಿಯ ಪ್ರವಚನವನ್ನು ತುಳುವಿಗೆ ತಿರುಗಿಸುತ್ತಾ ಓದಿದೆ. ಉಮ್ಮ ತಲೆದೂಗುತ್ತಾ ಕೇಳಿದರು. ಆಮೇಲೆ ಅವನ ಮಾತು. ಅದೂ ಪಾದ್ರಿ ಬರೆದುಕೊಟ್ಟ ಹಾಗೆಯೇ ಇತ್ತು. ನಡುವೆ ಒಂದು ಸಾಲು ಮಾತ್ರ ಬೇರೆ. ಚಿಕ್ಕವನಿರುವಾಗಲೇ ಕೆಲಸ ಕಲಿಯಲು ದೂರದ ಊರಿಗೆ ಬಿಟ್ಟರು, ಅಲ್ಲಿಂದ ಓಡಿಹೋದೆ, ನಾನು ಎಲ್ಲಿದ್ದೇನೆಂದು ನನ್ನ ಅಮ್ಮನಿಗೆ ಗೊತ್ತಿದೆಯೋ ಇಲ್ಲವೋ ಎಂದಿದ್ದ.

ಉಮ್ಮನ ಚೂರಿ ನಿಂತಿತು. “ಅವಳು ಬಂದಿದ್ದಳಾ?”

“ಬರೆದಿಲ್ಲ ಉಮ್ಮ.”

ಮರುದಿನ ಬಂದವರು ಅದನ್ನೇ ಮತ್ತೆ ಓದಿಸಿದರು. ಪ್ರವಚನ ಬೇಡ, ಹುಡುಗನ ಮಾತು ಮಾತ್ರ. ಅದರ ಮರುದಿನವೂ ಅದೇ. ಓದಿ ಮುಗಿಸಿದಾಗ ಅವರು ಸೆರಗಿನಿಂದ ಮೇಜು ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು. “ನನಗೆ ಇನ್ನೊಬ್ಬ ಮಗ ಇದ್ದಾನೆ.”

ಎರಡನೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರು ಗೆಳೆಯರ ಜೊತೆ ಪೇಟೆಯ ಜವಳಿ ಅಂಗಡಿಯ ಬೀಗ ಒಡೆದಿದ್ದ. ಸಿಕ್ಕಿಬಿದ್ದ, ಜೈಲಾಯಿತು. ಬಿಡುಗಡೆಯಾಗಿ ಬಂದ ದಿನ ಅವನ ಅಪ್ಪ ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ನಿಲ್ಲಿಸಿ, ನೆಂಟರು ನೆರೆಯವರೆಲ್ಲ ನೋಡುತ್ತಿದ್ದ ಹಾಗೆ, ಕುಟುಂಬದ ಮಾನ ಹೋದದ್ದನ್ನು ಹೇಳಿದರು. ತುಂಬ ಹೊತ್ತು ಹೇಳಿದರು. ಹುಡುಗ ತಲೆ ತಗ್ಗಿಸಿ ಕೇಳಿದ. ಒಳಗೆ ಉಮ್ಮ ಅವನಿಗೆಂದು ಮಾಡಿದ್ದ ಅಕ್ಕಿರೊಟ್ಟಿ, ಪತ್ತಿರಿ, ಬಟ್ಟಲಲ್ಲೇ ಉಳಿಯಿತು. ಅವನು ಹೋದವನು ಹಿಂದೆ ಬರಲಿಲ್ಲ. ಮುಂಬೈಯಿಂದ ಸೌದಿಗೆ ಹೋದನೆಂದು ಯಾರೋ ಹೇಳಿದ್ದಷ್ಟೇ. ಅಪ್ಪ ತೀರಿಕೊಂಡರು. ಅಣ್ಣ, ಅವನ ಸುದ್ದಿ ಈ ಮನೆಯಲ್ಲಿ ಬೇಡ ಎಂದಿದ್ದ.

“ಮಕ್ಕಾಕ್ಕೆ ಹೋಗಿ ಉಮ್ರಾ ಮಾಡ್ಬೇಕು ಅಂತ ಹೇಳಿ ಬಂದೆ. ಅದು ಸುಳ್ಳಲ್ಲ. ಆದ್ರೆ ಅವನೂ ಇದೇ ದೇಶದಲ್ಲಿ ಇದ್ದಾನಲ್ಲ, ಎಲ್ಲಾದ್ರೂ ಸಿಗ್ಬಹುದು ಅಂತ. ಇಷ್ಟು ದೊಡ್ಡದು ಅಂತ ನನಗೆಂತ ಗೊತ್ತು? ಕಾರಿನಲ್ಲಿ ಹೋಗುವಾಗ ದಾರಿಯಲ್ಲಿ ನಿಂತವರ ಮುಖ ಎಲ್ಲ ನೋಡ್ತೇನೆ.”

ಗುರುವಾರ ಗಂಡನಿಗೆ ಹೇಳಿದೆ. “ನೋಡುವ ಮಾರಾಯ್ತಿ, ನಮ್ಮ ಕಡೆಯವರು ಒಬ್ಬರಿಗೊಬ್ಬರು ಗೊತ್ತಿರ್ತಾರೆ” ಎಂದರು. ಕ್ಯಾಂಪಿನ ಊಟದ ಮನೆಯಲ್ಲಿ ಅವರಿವರನ್ನು ವಿಚಾರಿಸಿದರು. ಕೆಲವು ವಾರಗಳ ಮೇಲೆ ಒಬ್ಬ ಅಡುಗೆಯವರು ನೆನಪಿಸಿಕೊಂಡರು. ಆ ಊರಿನವನೊಬ್ಬ ಮೊದಲು ಖಫ್ಜಿಯ ಒಂದು ಬೂಫಿಯಾದಲ್ಲಿ ಚಹಾ, ಸ್ಯಾಂಡ್‌ವಿಚ್ ಮಾಡಿಕೊಡುತ್ತಿದ್ದ; ಈಗ ರಿಯಾದಿನಲ್ಲಿ ಕಂಪೆನಿ ಬಸ್ ಓಡಿಸುತ್ತಾನೆ; ಊರಿಗೆ ಹೋದದ್ದನ್ನು ಯಾರೂ ಕಂಡಿಲ್ಲ. ನಂಬರೂ ಕೊಟ್ಟರು.

ಗಂಡನೇ ಮೊದಲು ಫೋನು ಮಾಡಿದರು. ಅವನು ಕೇಳಿದ್ದು ಇಷ್ಟು: “ಉಮ್ಮನೇ ಕೇಳಿದ್ದಾ? ಅಥವಾ ನೀವೇ ಹುಡುಕಿದ್ದಾ?”

“ಉಮ್ಮನೇ” ಎಂದರಂತೆ.

ವಿಷಯ ತಿಳಿಸಿದಾಗ ಉಮ್ಮ ನನ್ನ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ತಲೆಗೆ ಬಟ್ಟೆ ಸರಿಯಾಗಿ ಸುತ್ತಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ನಾನು ನಂಬರು ಒತ್ತಿ ಅವರ ಕೈಗೆ ಕೊಟ್ಟು ಹೊರಗೆ ಹೊರಟರೆ ಮಣಿಕಟ್ಟು ಹಿಡಿದು ಕೂರಿಸಿಕೊಂಡರು. ಸ್ಪೀಕರಿನಲ್ಲಿ ಅವನ ಸಲಾಂ ಕೇಳಿತು. ಒಡೆದ, ದಪ್ಪ ಗಂಡಸಿನ ದನಿ. ಉಮ್ಮ ಕಣ್ಣು ಮುಚ್ಚಿದರು. ಅವರಿಗೆ ನೆನಪಿದ್ದದ್ದು ಹುಡುಗನ ದನಿ.

“ಊಟ ಆಯ್ತಾ?” ಎಂದರು.

ಅವರು ಬ್ಯಾರಿಯಲ್ಲಿ ಮಾತಾಡಿದರು. ನನಗೆ ಆ ಭಾಷೆ ಆಡಲು ಬಾರದಿದ್ದರೂ ಅರ್ಥವಾಗುತ್ತದೆ. ಅವನು ಒಂದೇ ಉಸಿರಿಗೆ ಶುರುಮಾಡಿದ: ನಾನು ತಪ್ಪು ಮಾಡಿದೆ, ಬಾಪಾನ ಮಾನ ಕಳೆದೆ, ನಿಮಗೆಲ್ಲ ತಲೆ ಎತ್ತದ ಹಾಗೆ ಮಾಡಿದೆ. ಎಷ್ಟೋ ವರ್ಷ ಒಳಗೆ ಹೇಳಿಕೊಂಡು ಬಾಯಿಪಾಠವಾದ ಹಾಗಿತ್ತು.

ಉಮ್ಮ ನಡುವೆ ತಡೆದರು. “ಅದೆಲ್ಲ ಬೇಡ ಮಗನೇ. ಅದು ಅಂಗಳದ ಮಾತು. ನಿನ್ನದು ಹೇಳು. ಎಲ್ಲಿ ಮಲಗ್ತಿ? ಬಟ್ಟೆ ಯಾರು ಒಗೀತಾರೆ?”

ಅವನು ಅತ್ತ. ಆಮೇಲೆ ಹೇಳಿದ: ಐವರು ಇರುವ ಕೋಣೆ, ಕಿಟಕಿಯ ಪಕ್ಕದ ಮಂಚ, ಮೀನು ಸಾರು ತಾನೇ ಮಾಡುವುದು, ಆದರೆ ಪುಳಿ ಸರಿಯಾಗುವುದಿಲ್ಲ. ಉಮ್ಮ ಹೇಗೆ ಹಾಕಬೇಕೆಂದು ಹೇಳಿಕೊಟ್ಟರು.

ದೊಡ್ಡ ಮಗನಿಗೆ ಉಮ್ಮನೇ ಹೇಳಿದರು. ಮಗ ಸಿಟ್ಟಾದರು, ನನ್ನನ್ನು ಮೆಟ್ಟಿಲಲ್ಲಿ ಕಂಡರೂ ಮಾತಾಡಿಸಲಿಲ್ಲ. ಆದರೆ ಒಂದು ಶುಕ್ರವಾರ ಉಮ್ಮನನ್ನು ಕೂರಿಸಿಕೊಂಡು ರಿಯಾದಿಗೆ ಕಾರು ಓಡಿಸಿದವರು ಅವರೇ. ನಾನು ಅಲ್ಲಿರಲಿಲ್ಲ, ಉಮ್ಮ ಹೇಳಿದ್ದನ್ನು ಹೇಳುತ್ತಿದ್ದೇನೆ. ಅವನು ಬಸ್ಸುಗಳ ಸಾಲಿನ ನಡುವಿನಿಂದ ನಡೆದು ಬಂದನಂತೆ, ಥೇಟ್ ಅಪ್ಪನ ನಡಿಗೆ. ಅಣ್ಣತಮ್ಮಂದಿರು ತಬ್ಬಿಕೊಳ್ಳಲಿಲ್ಲ. ಅಣ್ಣ ಕಾರಿನ ಹಿಂದಿನ ಬಾಗಿಲು ತೆರೆದು, “ಕೂತ್ಕೋ, ಬಿಸಿಲು” ಎಂದರಂತೆ. ಮೂವರೂ ಊಟಕ್ಕೆ ಹೋದರು. ಉಮ್ಮ ಅವನ ಎಡಗೈಯನ್ನು ಊಟ ಮುಗಿಯುವವರೆಗೂ ಬಿಡಲಿಲ್ಲವಾದ್ದರಿಂದ ಅವನು ಅದನ್ನು ಅವರಿಗೇ ಬಿಟ್ಟು ಬಲಗೈಯಲ್ಲಿ ಉಂಡನಂತೆ. “ಅವನ ಕೂದಲು ಬಿಳಿ ಆಗಿದೆ ಮಗಳೇ. ಕಪ್ಪು ಕೂದಲಿನ ಗಂಡಸಾಗಿ ಅವನನ್ನು ನಾನು ನೋಡಲೇ ಇಲ್ಲ” ಎಂದರು ನನಗೆ.

ವೀಸಾ ಮುಗಿಯಿತು, ಉಮ್ಮ ಊರಿಗೆ ಹೋದರು. ಅವರಿಲ್ಲದ ಬೆಳಗುಗಳು ಉದ್ದವಾದವು. ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾದರೆ ಈಗಲೂ ಕೈ ನಿಲ್ಲುತ್ತದೆ. ದೊಡ್ಡ ಮಗನ ಸಂಸಾರವೂ ಮನೆ ಬದಲಿಸಿದೆ, ಅದು ಬಾಡಿಗೆಗೆ ಬಂದ ಬೇರೆ ಯಾರೋ. ಕಳೆದ ತಿಂಗಳು, ವೀಸಾದ ಯಜಮಾನ ಕಫೀಲ್ ರಜೆ ಕೊಟ್ಟ ಮೇಲೆ, ಎರಡನೆಯ ಮಗ ಊರಿಗೆ ಹೋದ. ಅಲ್ಲಿಂದ ಉಮ್ಮ ವಾಟ್ಸಾಪಿನಲ್ಲಿ ದನಿ ಕಳಿಸಿದರು. ಪಿಸುಮಾತು. “ಒಳಗೆ ಮಲಗಿದ್ದಾನೆ, ಎಚ್ಚರ ಆಗ್ಬಾರ್ದು. ಆಮೇಲೆ ಮಾತಾಡ್ತೇನೆ ಆಯ್ತಾ?” ಹಿಂದೆ ಎಲ್ಲೋ ಕಾಗೆ ಕೂಗುತ್ತಿತ್ತು. ಎ.ಸಿ. ಆರಿಸಿ, ಕಿಟಕಿಯ ಬಳಿ ನಿಂತು, ಅದನ್ನು ಇನ್ನೊಮ್ಮೆ ಹಾಕಿ ಕೇಳಿದೆ.