ಗಾಳಿ ತಾಗುವ ಮೊದಲು

ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ಯಾವುದನ್ನೂ ಒಪ್ಪಿದವನಲ್ಲ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತ, ಕೈಗೆ ಸಿಕ್ಕ ಪುಸ್ತಕಗಳೊಡನೆ ಜಗಳವಾಡುತ್ತ ಕಲಿತವನು. ತಮ್ಮನ ಮಗಳು ಲಿಥಿಯಂ ಬ್ಯಾಟರಿಗಳ ಸಂಶೋಧನೆಗೆ ಸೇರಿದಾಗ ಮನೆಯವರು ಪೇಢೆ ಹಂಚಿದರು. ನಾನು ಪ್ರಶ್ನೆ ಕೇಳಲಾರಂಭಿಸಿದೆ.

ಒಂದು ದೀಪಾವಳಿಗೆ ಅವಳು ಹಿಗ್ಗಿನಿಂದ ಬಂದಳು. ಬ್ಯಾಟರಿಯೊಳಗೆ ಕ್ಯಾಥೋಡ್ ಎಂಬ ಕಪ್ಪು ಲೇಪವಿರುತ್ತದೆ. ಚಾರ್ಜ್ ಆಗುವಾಗ ಅದರಲ್ಲಿಯ ನಿಕಲ್ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಆಕ್ಸಿಜನ್ ಸುಮ್ಮನಿರುತ್ತದೆ ಎಂದು ಅವಳ ಪಠ್ಯ ಹೇಳುತ್ತಿತ್ತು. ಅವಳು ಲೇಪಕ್ಕೆ ಎಕ್ಸ್-ರೇ ಹಾಯಿಸಿ, ಯಾವ ಧಾತು ಎಷ್ಟು ಹೀರಿಕೊಂಡಿತೆಂದು ಅಳೆದಾಗ ಆಕ್ಸಿಜನ್ನೂ ಬದಲಾದಂತೆ ಕಂಡಿತ್ತು. ಅದರ ಮೇಲೆಯೇ ತನ್ನ ಮೊದಲ ಲೇಖನ ಬರೆಯುವವಳಿದ್ದಳು.

"ಪುಸ್ತಕ ಸುಳ್ಳಾತು ನೋಡ್ರಿ ದೊಡ್ಡಪ್ಪಾ! ಇನ್ನರ ಖುಷಿ ಪಡ್ರಿ."

ಖುಷಿಯಾಗಿತ್ತು. ಆದರೂ ಕೇಳಿದೆ: "ಬ್ಯಾಟರಿ ಬಿಚ್ಚಿ ಲೇಪ ಹೊರಗ ತಗದಿ. ಯಂತ್ರದ ತನಕಾ ಹೆಂಗ ಒಯ್ದಿ?"

"ಗಾಳಿ ಹೋಗಲಾರದ ಡಬ್ಬ್ಯಾಗ. ಯಂತ್ರಕ್ಕ ಏರಸೂ ಮುಂದ ಅಷ್ಟ, ಒಂದೀಟ ಗಾಳಿ..."

ಆ ಮಾತಿಗೇ ಅವಳಿಗೆ ನಮ್ಮ ಬಣ್ಣದ ಹಂಡೆ ನೆನಪಾಗಿರಬೇಕು. ನೀಲಿ ಬಣ್ಣ ಕಲಸಿದ ಹಂಡೆಯಿಂದ ಎತ್ತಿದ ನೂಲಿನ ಲಡಿ ಮೊದಲು ಹಸಿರಾಗಿರುತ್ತದೆ. ಗಾಳಿ ತಾಗಿದ ಮೇಲೆಯೇ ನೀಲಿಯಾಗುತ್ತದೆ. ಚಿಕ್ಕಂದಿನಲ್ಲಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿ ಚಪ್ಪಾಳೆ ತಟ್ಟಿದವಳು ಅವಳು.

"ಹಬ್ಬದಾಗನ ಇದನ್ನ ಕೇಳಬೇಕಿತ್ತೇನ್ರಿ?" ಎಂದು ಎದ್ದು ಹೋದಳು. ತಟ್ಟೆಯ ಕರದಂಟು ಹಾಗೆಯೇ ಉಳಿಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಫೋನ್ ಮಾಡಿದಳು.

"ಗಾಳಿ ಸೋಕಲಾರದಂಗ ಮತ್ತೊಮ್ಮೆ ಅಳದ್ನಿ. ಮೊದಲ ಕಂಡದ್ದು ಇಲ್ರಿ. ಗಾಳಿ ಮಾಡಿದ್ದದು."

"ಅಂದ್ರ ಪುಸ್ತಕ ಖರೆ?"

"ಈ ಲೇಪದ ಮಟ್ಟಿಗೆ ಖರೆ."

ಪುಸ್ತಕವೊಂದು ಸೋಲಲಿ ಎಂದು ಅಷ್ಟು ಆಸೆಪಟ್ಟದ್ದು ಅದಕ್ಕೂ ಮೊದಲಿಲ್ಲ, ಆಮೇಲೂ ಇಲ್ಲ.

"ನನ್ನ ಮ್ಯಾಲ ಸಿಟ್ಟೈತೇನ ಯವ್ವಾ?"

"ಐತಿ. ಲೇಖನ ಹೋತು. ಅಚ್ಚಾದ ಮ್ಯಾಲ ಬ್ಯಾರೆಯವ್ರು ಇದನ್ನ ಕೇಳಿದ್ರ ಮಾನಾನೂ ಹೋಗತಿತ್ತು, ಅದಕ್ಕ ಅರ್ಧಾ ಸಿಟ್ಟ." ಮತ್ತೆ ಅವಳೇ ಹೇಳಿದಳು: "ಯುಗಾದಿಗೆ ಬರ್ತೀನಿ. ನೀಲಿ ಹಂಡೆ ಹೂಡ್ರಿ. ಆ ಹಸಿರನ್ನ ನಾ ಸರಿಯಾಗಿ ನೋಡೇ ಇಲ್ಲ."

ಯುಗಾದಿಗೆ ಮೂಲೆಯಲ್ಲಿದ್ದ ಹಂಡೆಯನ್ನು ತಿಕ್ಕಿ ಒಲೆಗೇರಿಸಿದೆ. ಅವಳು ಮೊದಲಿನಂತೆಯೇ ಪಕ್ಕದಲ್ಲಿ ಕೂತಳು. ಲಡಿಯನ್ನು ಮೇಲೆತ್ತಿದೆ.

"ಇನ್ನೂ ಹಸಿರ ಐತ್ರಿ!"

"ಮಾತಾಡಬ್ಯಾಡ, ನಿನ್ನ ಬಾಯಿ ಗಾಳಿ ತಾಗತೈತಿ."

ಅವಳು ನಕ್ಕಳು. ನಮ್ಮಿಬ್ಬರ ಕಣ್ಣೆದುರಿಗೇ ನೂಲು ಅಂಚಿನಿಂದ ನೀಲಿಯಾಗತೊಡಗಿತು.